ಓಸ್ಲಾ ಲೀಸ್ಕ್ ಇಟ್ಟ ಸುಳ್ಳು ಹೆಸರು

ದಕ್ಷಿಣದ ದೊಡ್ಡ ಊರಿನಿಂದ ಬಂದ ಗಂಡ ಹೆಂಡತಿ ನಿಸ್ಟಾಫ್ಟ್ ಎಂಬ ಹಳೆಯ ಮನೆಯನ್ನು ಕೊಂಡು, ಬಾಗಿಲ ಪಕ್ಕದಲ್ಲಿ ಕಡಲಹಕ್ಕಿಯೊಂದರ ಹೆಸರಿನಲ್ಲಿ ‘ಪಫಿನ್ ಕುಟೀರ’ ಎಂದು ಬಣ್ಣದ ಹಲಗೆ ಹೊಡೆಸಿದ ವಾರವೇ ಅವರಿಗೆ ಬಂದ ಮೂರು ಪಾರ್ಸಲುಗಳು ವಾಪಸು ಹೋದವು. ಮೂರರ ಮೇಲೂ ಅಂಚೆಯವಳಾದ ಓಸ್ಲಾ ಲೀಸ್ಕ್‌ಳ ದಪ್ಪ ಅಕ್ಷರ: ‘ಈ ಹೆಸರಿನ ಮನೆ ಹ್ಯಾವರ್ಸೆ ದ್ವೀಪದಲ್ಲಿಲ್ಲ.’ ನಾಲ್ಕನೆಯ ದಿನ ಆ ಮನೆಯ ಹೆಂಗಸು ದಾರಿಯಲ್ಲಿ ಅಂಚೆಯ ಕೆಂಪು ಗಾಡಿಗೆ ಅಡ್ಡ ನಿಂತಳು.

“ನಾನು ಎದುರಿಗೇ ನಿಂತಿದೀನಲ್ಲ. ನಿಮಗೆ ಗೊತ್ತು ತಾನೆ ನಾನ್ಯಾರು ಅಂತ?”

“ಗೊತ್ತು. ನಿಸ್ಟಾಫ್ಟ್ ಮನೆಯವರು. ಹಾಗಂತ ಬರೆಸ್ಕೊಳ್ಳಿ, ಬಾಗಿಲಿಗೇ ತಂದುಕೊಡ್ತೀನಿ.”

“ಆ ಹೆಸರು ನಮ್ಮ ನೆಂಟರ ಬಾಯಿಗೇ ಬರಲ್ಲ.”

“ನೂರಾರು ವರ್ಷ ಎಂಥೆಂಥವರ ಬಾಯಿಗೋ ಬಂದಿದೆ. ಅವರಲ್ಲಿ ಅರ್ಧ ಜನಕ್ಕೆ ಹಲ್ಲೇ ಇರಲಿಲ್ಲ.”

ಬಡಗಣ ಕಡಲಿನ, ಎಪ್ಪತ್ತೆರಡೇ ಜನರ ಹ್ಯಾವರ್ಸೆಯಲ್ಲಿ ಇದು ವಾರಗಟ್ಟಲೆ ನಗೆಯ ಮಾತಾಯಿತು. ಓಸ್ಲಾಳಿಗೆ ಮೂಗಿನ ತುದಿಯಲ್ಲೇ ಕೋಪ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೂವತ್ತಾರು ವರ್ಷದಿಂದ ಅವಳು ಅಂಚೆ ಹಂಚುತ್ತಿದ್ದಳು. ಮದುವೆಯಾಗಿರಲಿಲ್ಲ. ಯಾರಾದರೂ ಹೆಸ್ಟಗಿಯೋ ಕೊರಕಲನ್ನು ‘ಆ ಆಳದ ಜಾಗ’ ಎಂದರೆ, ಲ್ಯಾಂಬಹೋಗ ಗುಡ್ಡವನ್ನು ‘ಕುರಿ ಗುಡ್ಡ’ ಎಂದರೆ, ಗಾಡಿ ನಿಲ್ಲಿಸಿ ತಿದ್ದುತ್ತಿದ್ದಳು. ಈ ದ್ವೀಪದ ಒಂದೊಂದು ಬಂಡೆಗೂ ಒಂದೊಂದು ತೊರೆಗೂ ಹೆಸರಿಟ್ಟವರು ಸಾವಿರ ವರ್ಷದ ಹಿಂದೆ ನಾರ್ವೆಯಿಂದ ದೋಣಿಯಲ್ಲಿ ಬಂದವರು. ಅವರ ಭಾಷೆ ಸತ್ತು ಹೋಯಿತು, ಹೆಸರುಗಳು ಉಳಿದವು. ಅವುಗಳ ಕಾವಲಿಗೆ ತನ್ನನ್ನೇ ನೇಮಿಸಿದ್ದಾರೆ ಎಂಬಂತೆ ಅವಳು ಓಡಾಡುತ್ತಿದ್ದಳು. ಆದರೆ ಅವಳ ಹೊಟ್ಟೆಯೊಳಗೊಂದು ಗುಟ್ಟಿತ್ತು. ಅದು ಗೊತ್ತಿದ್ದವರು ಅವಳು ಮತ್ತು ಸತ್ತುಹೋದ ಅವಳ ಅಪ್ಪ, ಇಬ್ಬರೇ.

ಸಾವಿರದ ಒಂಬೈನೂರ ಅರವತ್ತೆಂಟರ ಬೇಸಿಗೆಯಲ್ಲಿ ಡಾಕ್ಟರ್ ಪೆಟಿಗ್ರ್ಯೂ ಎಂಬ ವಿದ್ವಾಂಸ ದ್ವೀಪದ ಹೆಸರುಗಳನ್ನೆಲ್ಲ ಬರೆದುಕೊಳ್ಳಲು ಬಂದ. ಲೀಸ್ಕ್ ಮನೆಯಲ್ಲೇ ಮೂರು ವಾರ ಇದ್ದ. ಓಸ್ಲಾಳ ಅಮ್ಮ ಮಿಮಾ ತನ್ನ ಹಾಸಿಗೆಯನ್ನೇ ಅವನಿಗೆ ಬಿಟ್ಟುಕೊಟ್ಟು, ದಿನಾ ಬೆಳಿಗ್ಗೆ ಬಿಸಿ ಬ್ಯಾನಕ್ ರೊಟ್ಟಿ ಸುಟ್ಟುಕೊಡುತ್ತಿದ್ದಳು. ಅಪ್ಪ ಲೌರಿ ಮೀನಿನ ಕೆಲಸ ಬಿಟ್ಟು ಅವನ ಜೊತೆ ತೀರವೆಲ್ಲ ನಡೆದ. ಹನ್ನೊಂದು ವರ್ಷದ ಓಸ್ಲಾ ಅಳತೆಯ ದಾರ ಹಿಡಿದು ಹಿಂದೆ ಹೋಗುತ್ತಿದ್ದಳು. ಲೌರಿ ಹೆಸರು ಹೇಳಿದರೆ ಪೆಟಿಗ್ರ್ಯೂ ಅದನ್ನು ತಿರುಗಿ ಉಚ್ಚರಿಸಿ, “ಹೀಗಲ್ಲವೇ ಇರಬೇಕು?” ಎಂದು ಲೌರಿಯನ್ನೇ ತಿದ್ದುತ್ತಿದ್ದ. ಲೌರಿ ನಕ್ಕು ಸುಮ್ಮನಾಗುತ್ತಿದ್ದ.

ಎರಡನೆಯ ವಾರದ ಕೊನೆಯಲ್ಲಿ ಪೆಟಿಗ್ರ್ಯೂನ ಗೆಳೆಯನೊಬ್ಬ ದೋಣಿಯಲ್ಲಿ ಬಂದ. ಇಬ್ಬರೂ ದೊಡ್ಡಿಯ ಕಲ್ಲುಗೋಡೆಗೆ ಒರಗಿ ಪೈಪು ಸೇದುತ್ತಿದ್ದರು. ಗೋಡೆಯ ಆಚೆ ಲೌರಿ ಕತ್ತರಿಯಿಲ್ಲದೆ ಕೈಯಿಂದಲೇ ಕುರಿಯ ಉಣ್ಣೆ ಕೀಳುತ್ತ ಕೂತಿದ್ದ. ಓಸ್ಲಾ ಕುರಿಯ ಕಾಲು ಹಿಡಿದಿದ್ದಳು.

“ಇವರಿಗೆ ಒಂದಕ್ಕೂ ಅರ್ಥ ಗೊತ್ತಿಲ್ಲ,” ಎಂದ ಪೆಟಿಗ್ರ್ಯೂ. “ಗಿಳಿಗಳ ಹಾಗೆ ಹೇಳ್ತಾರೆ, ಅಷ್ಟೆ. ಆ ಹೆಂಗಸಿನ ರೊಟ್ಟಿ ತಿಂದು ತಿಂದು ನನ್ನ ಬಟ್ಟೆಯೆಲ್ಲ ಕುರಿ ಕೊಬ್ಬಿನ ವಾಸನೆ. ಇನ್ನೊಂದು ವಾರ ತಡೆದುಕೊಂಡರೆ ಆಯಿತು.”

ಲೌರಿಯ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಇನ್ನೂ ಬಿರುಸಾಗಿ ಉಣ್ಣೆ ಕೀಳತೊಡಗಿತು. ಕುರಿ ನೋವಿಗೆ ಅರಚಿತು.

ಮರುದಿನ ಪೆಟಿಗ್ರ್ಯೂ, ಲೌರಿ, ಓಸ್ಲಾ ಮೂವರೂ ದ್ವೀಪದ ಪೂರ್ವ ತೀರಕ್ಕೆ ಹೋದರು. ಅಲ್ಲಿ ಉದ್ದನೆಯ ಕೊಲ್ಲಿಯೊಂದು ಒಳಗೆ ಚಾಚಿಕೊಂಡಿದೆ. ಕೊಲ್ಲಿಗೆ ದ್ವೀಪದವರು ವೋ ಎನ್ನುತ್ತಾರೆ. ಅದರ ಹೆಸರು ಬ್ರಿಮ್ಮವೋ. ಬ್ರಿಮ್ ಎಂದರೆ ಅಲೆ ಒಡೆದು ಮೇಲೇಳುವ ಅಬ್ಬರ. ವರ್ಷದ ಮುನ್ನೂರ ಐವತ್ತು ದಿನ ಅಲ್ಲಿ ಬಾತುಕೋಳಿ ಈಜಬಹುದು. ಆದರೆ ಆಗ್ನೇಯದ ಬಿರುಗಾಳಿಯೂ ಹೊರಗೆ ಹರಿಯುವ ಇಳಿತದ ನೀರೂ ಮುಖಾಮುಖಿಯಾದ ದಿನ ನೀರು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಇಸ್‌ಬಿಸ್ಟರ್ ಮನೆತನದ ಇಬ್ಬರು ಅಣ್ಣತಮ್ಮಂದಿರು ದೋಣಿ ಸಮೇತ ಅಲ್ಲೇ ಹೋದದ್ದು. ಆದರೆ ಅವತ್ತು ಕಡಲು ಕನ್ನಡಿಯ ಹಾಗಿತ್ತು.

“ಇದಕ್ಕೇನಂತೀರಿ?” ಪೆಟಿಗ್ರ್ಯೂ ಪುಸ್ತಕ ತೆರೆದ.

ಲೌರಿ ಮಗಳ ಕಡೆ ತಿರುಗಿ ಕಣ್ಣು ಮಿಟುಕಿಸಿದ. “ಹೇಳೇ ಪುಟ್ಟಿ. ಇದರ ಹೆಸರೇನು ಅಂತ ಇವರಿಗೆ ಹೇಳು.”

ಓಸ್ಲಾಳಿಗೆ ಥಟ್ಟನೆ ಅರ್ಥವಾಯಿತು. ಗಾಳಿ ಬಿದ್ದುಹೋಗಿ ಕಡಲು ಸ್ತಬ್ಧವಾದರೆ ಅಜ್ಜಂದಿರು ಲೋಗ್ನ್ ಎನ್ನುತ್ತಿದ್ದರು. “ಲೋಗ್ನವೋ,” ಎಂದಳು.

ಪೆಟಿಗ್ರ್ಯೂ ಹಿಗ್ಗಿಹೋದ. ಅಪ್ಪಟ ಹಳೆಯ ಪದ, ಮಗುವಿನ ಬಾಯಲ್ಲಿ ಸಾವಿರ ವರ್ಷ ಉಳಿದಿದೆ ಎಂದು ಅವಳ ತಲೆ ಸವರಿದ. ‘ಶಾಂತವಾದ ಕೊಲ್ಲಿ’ ಎಂದು ಬರೆದುಕೊಂಡ. ಆ ಕೊನೆಯ ವಾರದಲ್ಲಿ ಅಪ್ಪ ಮಗಳು ಸೇರಿ ಅವನಿಗೆ ಹನ್ನೊಂದು ಸುಳ್ಳು ಹೆಸರು ಕೊಟ್ಟರು. ರಾತ್ರಿ ದುಪ್ಪಟಿಯೊಳಗೆ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ಅಮ್ಮನನ್ನು ಹಳಿದವನಿಗೆ ತಕ್ಕ ಶಾಸ್ತಿಯಾಯಿತು ಎಂದು ಓಸ್ಲಾ ಬೀಗಿದಳು. ಅಷ್ಟು ಸಂತೋಷ ಅವಳಿಗೆ ಆಮೇಲೆ ಎಂದೂ ಆಗಲಿಲ್ಲ.

ಆರು ವರ್ಷದ ಮೇಲೆ ಪೆಟಿಗ್ರ್ಯೂನ ಪುಸ್ತಕ ಬಂತು, ಅದರ ಹಿಂದೆಯೇ ನಕ್ಷೆ ಬಂತು. ಲೌರಿಯ ಹೆಸರು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ, ‘ಸ್ಥಳೀಯನೊಬ್ಬ’ ಎಂದಷ್ಟೇ ಇತ್ತು. ಶಾಲೆಯ ಗೋಡೆಗೆ ನಕ್ಷೆ ಏರಿತು. ಮಕ್ಕಳು ಲೋಗ್ನವೋ ಎಂದು ಬಾಯಿಪಾಠ ಮಾಡಿದರು. ಹಳಬರು ಪುಸ್ತಕದವರ ತಪ್ಪು ಎಂದು ನಕ್ಕು ಬಿಟ್ಟು, ಒಬ್ಬೊಬ್ಬರಾಗಿ ಸತ್ತರು. ದೋಣಿಕಟ್ಟೆಯಲ್ಲಿ ಪ್ರವಾಸಿಗರಿಗೆಂದು ದೊಡ್ಡ ಬೋರ್ಡು ನಿಂತಿತು, ಅದರಲ್ಲೂ ಲೋಗ್ನವೋ. ಆ ಬೋರ್ಡಿನ ಕೆಳಗೆ ಮಾತ್ರ ದ್ವೀಪದವರೇ ಹಟ ಹಿಡಿದು ‘ಹೆಸರುಗಳನ್ನು ಕಾಪಾಡಿದ ಲೌರಿ ಲೀಸ್ಕ್‌ನ ನೆನಪಿಗೆ’ ಎಂದು ಬರೆಸಿದರು.

ಲೌರಿ ಬದುಕಿದ್ದಾಗಲೇ, ಎಪ್ಪತ್ತೊಂಬತ್ತರಲ್ಲಿ, ಹೊರಗಿನವರ ಹಾಯಿದೋಣಿಯೊಂದು ನಕ್ಷೆ ನಂಬಿ ಆ ಕೊಲ್ಲಿಯಲ್ಲಿ ಲಂಗರು ಹಾಕಿತ್ತು. ಆಕಾಶ ನೋಡಿ ಲೌರಿ ಒಬ್ಬನೇ ಹುಟ್ಟು ಹಾಕಿಕೊಂಡು ಹೋಗಿ ಅವರನ್ನು ಬೈದು ಅಟ್ಟಿದ. ದೋಣಿಯಲ್ಲಿ ಎರಡು ಕೂಸುಗಳಿದ್ದವಂತೆ. ಮನೆಗೆ ಬಂದು ಊಟ ಮಾಡದೆ ಕೂತ. ಮರುದಿನ ಪೆಟಿಗ್ರ್ಯೂಗೆ ಕಾಗದ ಬರೆದ: ತಪ್ಪು ನಮ್ಮದು, ಆ ಹೆಸರು ತಿದ್ದಿ. ಎರಡು ವರ್ಷದ ಹಿಂದೆ ಅಂಚೆ ಕೆಲಸಕ್ಕೆ ಸೇರಿದ್ದ ಓಸ್ಲಾ ಅದನ್ನು ತಾನೇ ಚೀಲಕ್ಕೆ ಹಾಕಿದಳು. ಆರು ತಿಂಗಳು ಬರುವ ಪ್ರತಿ ಚೀಲವನ್ನೂ ಮೊದಲು ತಡಕಾಡಿದಳು. ಉತ್ತರ ಬರಲಿಲ್ಲ. ಗಿಳಿಗಳ ಕಾಗದಕ್ಕೆ ಉತ್ತರ ಯಾಕೆ ಎಂದುಕೊಂಡಿರಬೇಕು. ಅವಳ ಕೋಪ ಬಲಿತದ್ದು ಆ ಆರು ತಿಂಗಳಲ್ಲೇ. ನಾಲ್ಕು ವರ್ಷದ ನಂತರ ಲೌರಿ ಎದೆನೋವಿನಲ್ಲಿ ಸತ್ತ. ಆ ಮಾತನ್ನು ಅವಳು ಮತ್ತೆ ಯಾರ ಮುಂದೆಯೂ ಎತ್ತಲಿಲ್ಲ.

ಎರಡು ಸಾವಿರದ ಹದಿಮೂರರ ಮಾರ್ಚಿನಲ್ಲಿ ಸಾಲ್ಮನ್ ಮೀನು ಸಾಕುವ ಕಂಪನಿಯೊಂದು ದ್ವೀಪಕ್ಕೆ ಬಂತು. ಲೋಗ್ನವೋದಲ್ಲಿ ಎಂಟು ದೊಡ್ಡ ಬಲೆಪಂಜರ ಇಳಿಸುತ್ತೇವೆ, ಏಳು ಜನಕ್ಕೆ ಕೆಲಸ ಎಂದಿತು. ಶಾಲೆಯಲ್ಲಿ ಉಳಿದಿದ್ದವರು ನಾಲ್ಕು ಮಕ್ಕಳು. ಏಳು ಕೆಲಸ ಎಂದರೆ ಊರು ಉಳಿಯುತ್ತದೆ ಎಂದು ಲೆಕ್ಕ. ಓಸ್ಲಾಳ ತಮ್ಮ ರಾಸ್ಮಿಯ ಮಗಳು ಕಿರ್ಸ್ಟನ್ ಮೊದಲ ದಿನವೇ ಅರ್ಜಿ ಹಾಕಿದಳು. ಇಪ್ಪತ್ತಾರು ವರ್ಷದ ಗಟ್ಟಿಗಿತ್ತಿ, ದೋಣಿ ನಡೆಸಬಲ್ಲವಳು, ಊರು ಬಿಡಲು ಒಲ್ಲದವಳು.

ಸಮುದಾಯ ಭವನದಲ್ಲಿ ಸಭೆ ಸೇರಿತು. ಕಂಪನಿಯ ಮ್ಯಾನೇಜರ್ ರೇಬರ್ನ್ ಗೋಡೆಯ ಮೇಲೆ ಚಿತ್ರ ತೋರಿಸಿದ. ಹೋದ ಜೂನಿನಲ್ಲಿ ಮೂರು ವಾರ ಅಲೆ ಅಳೆದಿದ್ದೇವೆ, ಇಷ್ಟು ಶಾಂತವಾದ ನೀರು ಈ ದ್ವೀಪಗಳಲ್ಲೇ ಇಲ್ಲ ಎಂದ.

“ಯಂತ್ರದ ಮಾತು ಬೇಡ ಅಂದ್ರೆ ನಿಮ್ಮ ಹಿರಿಯರ ಮಾತೇ ಕೇಳಿ,” ಎಂದು ನಕ್ಷೆಯ ಮೇಲೆ ಬೆರಳಿಟ್ಟ. “ಲೋಗ್ನವೋ. ಶಾಂತವಾದ ಕೊಲ್ಲಿ. ಸಾವಿರ ವರ್ಷದ ಹಿಂದೆ ದೋಣಿಯಲ್ಲಿ ಬಂದವರಿಗೇ ಇದು ಗೊತ್ತಿತ್ತು.”

ಜನ ತಲೆದೂಗಿದರು. ಓಸ್ಲಾ ಚಹಾದ ಬಟ್ಟಲನ್ನು ಬೆಂಚಿನ ಮೇಲೆ ಕುಕ್ಕಿದಳು. ಅವಳು ಎದ್ದು ನಿಂತಳು.

“ಅದು ಸುಳ್ಳು. ಅದರ ಹೆಸರು ಬ್ರಿಮ್ಮವೋ. ಆಗ್ನೇಯ ಗಾಳಿಗೆ ಅಲ್ಲಿ ನೀರು ಎದ್ದು ನಿಲ್ಲುತ್ತೆ. ನೀವು ಜೂನಿನಲ್ಲಿ ಅಳೆದಿದೀರಿ, ನವೆಂಬರಿನಲ್ಲಿ ಬಂದು ಅಳೀರಿ.”

“ನಕ್ಷೆಯಲ್ಲಿ ಹಾಗಿಲ್ವಲ್ಲ, ಮೇಡಂ.”

“ನಕ್ಷೆಯಲ್ಲಿರೋ ಹೆಸರು ಇಟ್ಟವಳು ನಾನು. ಹನ್ನೊಂದು ವರ್ಷದವಳಿದ್ದಾಗ. ಆ ಪೆಟಿಗ್ರ್ಯೂ ಮೇಲಿನ ಸಿಟ್ಟಿಗೆ ನಾನು, ನಮ್ಮಪ್ಪ, ಇಬ್ಬರೂ ಸೇರಿ ಹನ್ನೊಂದು ಸುಳ್ಳು ಹೆಸರು ಹೇಳಿದ್ವಿ.”

ಯಾರೋ ಕಿಸಕ್ಕನೆ ನಕ್ಕರು. ನಗು ಬೆಂಚಿನಿಂದ ಬೆಂಚಿಗೆ ಹೋಯಿತು. ಪಾರ್ಸಲುಗಳನ್ನು ಕಳೆದುಕೊಂಡಿದ್ದ ನಿಸ್ಟಾಫ್ಟಿನ ಹೆಂಗಸು ಎಲ್ಲರಿಗಿಂತ ಜೋರಾಗಿ ನಕ್ಕಳು. “ನಮಗೆ ಪಾಠ ಹೇಳ್ತಿದ್ದವರು ಇವರೇ ಅಲ್ವಾ?”

“ಸರಿ, ಮಿಕ್ಕ ಹತ್ತು ಯಾವುದು?” ರೇಬರ್ನ್ ಪೆನ್ನು ತೆಗೆದ.

ಓಸ್ಲಾ ಹೇಳತೊಡಗಿದಳು. ಎಂಟು ಹೇಳಿದಳು. ಒಂಬತ್ತನೆಯದಕ್ಕೆ ತಡವರಿಸಿದಳು. ಸ್ವಾರ್ತಾಬಾ ಎಂಬ ಬಂಡೆಯ ಹೆಸರು ಸುಳ್ಳೋ ನಿಜವೋ? ನಲವತ್ತೈದು ವರ್ಷದಿಂದ ಎಲ್ಲರೂ ಅದನ್ನು ಹಾಗೇ ಕರೆದು, ಅವಳೇ ಹಾಗೇ ಕರೆದು, ಎರಡು ಹೆಸರುಗಳ ವಿಷಯದಲ್ಲಿ ಅವಳಿಗೇ ಗುರುತು ಸಿಗಲಿಲ್ಲ. ರೇಬರ್ನ್ ಪೆನ್ನಿನ ಮುಚ್ಚಳ ಹಾಕಿದ.

ಆಗ ಅವಳು ಮುಂದಿನ ಸಾಲಿನಲ್ಲಿದ್ದ ಗಿಬ್ಬಿ ಇಸ್‌ಬಿಸ್ಟರನ ಕಡೆ ತಿರುಗಿದಳು. ಎಪ್ಪತ್ತನಾಲ್ಕು ವರ್ಷದ ಗಿಬ್ಬಿ ದ್ವೀಪ ಸಮಿತಿಯ ಅಧ್ಯಕ್ಷ. ಅಲ್ಲಿ ಮುಳುಗಿದ ಅಣ್ಣತಮ್ಮಂದಿರು ಅವನ ಅಜ್ಜನ ಒಡಹುಟ್ಟಿದವರು. ಚಿಕ್ಕಂದಿನಲ್ಲಿ ಓಸ್ಲಾಳಿಗೆ ಆ ಕತೆ ಹೇಳಿದವನೇ ಅವನು.

“ಗಿಬ್ಬಿ, ನೀನು ಹೇಳು. ನಿಮ್ಮನೇಲಿ ಅದಕ್ಕೇನಂತಿದ್ರು?”

ಗಿಬ್ಬಿ ತನ್ನ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದ. ಅವನ ಮಗನಿಗೆ ದಡದ ಗೋದಾಮಿನ ಮೇಲ್ವಿಚಾರಕನ ಕೆಲಸ ನಿಶ್ಚಯವಾಗಿತ್ತು. “ನನಗೆ ನೆನಪಿರೋ ಮಟ್ಟಿಗೆ ಲೋಗ್ನವೋ ಅಂತಲೇ,” ಎಂದ. ಆಮೇಲೆ ಅವಳ ಮುಖ ನೋಡದೆ ಸೇರಿಸಿದ: “ನಿಮಗೆ ವಯಸ್ಸಾಯ್ತು, ಓಸ್ಲಾ. ದಣಿದಿದೀರಿ.”

ಹುಟ್ಟಿದಾಗಿನಿಂದ ಅವಳನ್ನು ನೀನು ಎಂದವನು ಅಂದು ಹೊರಗಿನವರೆದುರು ನೀವು ಎಂದ. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಮೂವತ್ತೊಂದು ಕೈ ಪರವಾಗಿ ಎದ್ದವು, ಆರು ವಿರುದ್ಧವಾಗಿ. ಪರವಾಗಿ ಎತ್ತಿದವರಲ್ಲಿ ಕಿರ್ಸ್ಟನ್ ಒಬ್ಬಳು, ರಾಸ್ಮಿ ಒಬ್ಬ.

ರಾಸ್ಮಿ ಬಾಗಿಲ ಹೊರಗೆ ಅವಳನ್ನು ತಡೆದ. “ಅಪ್ಪನ್ನ ಎಲ್ಲರೆದುರು ಸುಳ್ಳುಗಾರನ್ನ ಮಾಡಿದೆಯಲ್ಲ, ಅಕ್ಕ. ಸತ್ತವನ ಬಾಯಿಗೆ ಸಗಣಿ ಮೆತ್ತಿದೆ.”

“ಸುಳ್ಳು ಹೇಳಿದ್ದು ನಿಜ ಕಣೋ.”

“ಹೇಳಿರಲಿ. ಅದು ಮಣ್ಣಾಗಿತ್ತು. ನೀನು ಅಗೆದು ತೆಗೆದೆ. ನನ್ನ ಮಗಳ ಅನ್ನಕ್ಕೂ ಕಲ್ಲು ಹಾಕೋಕೆ ನೋಡಿದೆ.”

ಅವತ್ತಿನಿಂದ ತಮ್ಮ ಮಾತು ಬಿಟ್ಟ. ಓಸ್ಲಾ ಅವನ ಕಾಗದಗಳನ್ನು ಬಾಗಿಲ ಸಂದಿಗೆ ತುರುಕಿ ಬರುತ್ತಿದ್ದಳು. ಗಾಡಿ ಓಡಿಸುತ್ತ ಒಬ್ಬಳೇ ಬೈದುಕೊಳ್ಳುತ್ತಿದ್ದಳು. ಮೊದಲು ಪೆಟಿಗ್ರ್ಯೂನನ್ನು, ಆಮೇಲೆ ಗಿಬ್ಬಿಯನ್ನು, ಆಮೇಲೆ ಅಪ್ಪನನ್ನೂ ಬೈದಳು. ಕಾಗದ ಬರೆದು ಕೈತೊಳೆದುಕೊಂಡನಲ್ಲ, ಊರ ಮುಂದೆ ನಿಂತು ಒಂದು ಮಾತು ಹೇಳಲು ಅವನ ಬಾಯಿಗೇನಾಗಿತ್ತು? ಹೇಳಿದ್ದರೆ ಹಳಬರೆಲ್ಲ ಇದ್ದರು, ಸಾಕ್ಷಿಯಿತ್ತು. ಮಾನಕ್ಕೆ ಅಂಜಿದ. ತಾನೂ ಅಂಜಿದಳು. ಇಲ್ಲಿಗೆ ಬಂದಾಗ ಅವಳಿಗೆ ಬೈಯಲು ಯಾರೂ ಉಳಿಯುತ್ತಿರಲಿಲ್ಲ, ಗೇರು ಬದಲಿಸುವಾಗ ಗಾಡಿಯನ್ನೇ ಗುದ್ದುತ್ತಿದ್ದಳು.

ಬೇಸಿಗೆಯಲ್ಲಿ ಪಂಜರಗಳು ಇಳಿದವು. ನಡುವೆ ಮೀನಿನ ಮೇವಿನ ದೊಡ್ಡ ತೆಪ್ಪ ನಿಂತಿತು. ಜೂನ್, ಜುಲೈ, ಆಗಸ್ಟ್ ಕಡಲು ಹಾಲಿನ ಹಾಗಿತ್ತು. ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಯಾರಾದರೂ, “ಇವತ್ತು ನೀರು ಎದ್ದು ನಿಂತಿದೆಯಾ, ಓಸ್ಲಾ? ಇಲ್ಲ ಕೂತೇ ಇದೆಯಾ?” ಎಂದು ಕೆಣಕುತ್ತಿದ್ದರು. ಅವಳು ತಿರುಗಿ ಬೈಯದೆ ಹೊರಬರುತ್ತಿದ್ದಳು. ಬೈಯದ ಓಸ್ಲಾಳನ್ನು ಕಂಡು ಅಂಗಡಿಯವಳಿಗೇ ಗಾಬರಿಯಾಯಿತು.

ನವೆಂಬರಿನ ಮೊದಲ ವಾರ, ಒಂದು ಮಂಗಳವಾರ ಬೆಳಿಗ್ಗೆ, ಅಂಚೆಗೆ ಕಾಯುತ್ತ ಓಸ್ಲಾ ದೋಣಿಕಟ್ಟೆಯಲ್ಲಿ ಗಾಡಿಯೊಳಗೆ ಕೂತಿದ್ದಳು. ಗಾಳಿ ಆಗ್ನೇಯಕ್ಕೆ ತಿರುಗಿತ್ತು. ಪ್ರಯಾಣಿಕರ ದೋಣಿ ಇವತ್ತಿಲ್ಲ ಎಂದು ರೇಡಿಯೋದಲ್ಲಿ ಹೇಳಿದರು. ಕಟ್ಟೆ ಇರುವುದು ಪಶ್ಚಿಮಕ್ಕೆ, ಗುಡ್ಡದ ಮರೆಯಲ್ಲಿ. ಅಲ್ಲಿ ನೀರು ಬರೀ ಕುಲುಕಾಡುತ್ತಿತ್ತು. ಹತ್ತು ಗಂಟೆಗೆ ಉಬ್ಬರ ಇಳಿಯತೊಡಗುತ್ತದೆ ಎಂದು ಅವಳಿಗೆ ಉಬ್ಬರವಿಳಿತದ ಪಟ್ಟಿ ನೋಡದೆ ಗೊತ್ತಿತ್ತು. ಆಗ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಮೂವರು ಕಂಪನಿಯ ದೋಣಿಯ ಕಡೆ ನಡೆದರು. ಮುಂದೆ ಹೊರಗಿನಿಂದ ಬಂದ ನಾವಿಕ ಫ್ರೇಜರ್, ಅವನ ಹಿಂದೆ ಒಬ್ಬ ಕೆಲಸಗಾರ, ಕೊನೆಗೆ ಕಿರ್ಸ್ಟನ್.

ಓಸ್ಲಾ ಗಾಡಿಯಿಂದಿಳಿದಳು. “ಎಲ್ಲಿಗೇ?”

“ಬಲೆಯ ಹಗ್ಗ ಬಿಗಿ ಮಾಡ್ಬೇಕು. ಮ್ಯಾನೇಜರ್ ಫೋನ್ ಮಾಡಿದ್ರು.” ಕಿರ್ಸ್ಟನ್ ನಿಲ್ಲಲಿಲ್ಲ.

“ಇವತ್ತು ಹೋಗ್ಬೇಡ.”

“ಶುರು ಮಾಡ್ಬೇಡ ಅತ್ತೆ, ದಮ್ಮಯ್ಯ.”

“ಹತ್ತು ಗಂಟೆಗೆ ಉಬ್ಬರ ತಿರುಗುತ್ತೆ. ಗಾಳಿ ನೋಡು ಎಲ್ಲಿದೆ.”

“ಇಲ್ಲಿ ನೀರು ನೋಡು ಹೇಗಿದೆ. ನಂಗೆ ಕೆಲಸ ಇದೆ. ನಿನ್ನ ಸುಳ್ಳಿಗೆ ನಾನೇನು ದಂಡ ತೆರಬೇಕಾ?”

ಫ್ರೇಜರ್ ಚುಕ್ಕಾಣಿಯ ಕೋಣೆಯಲ್ಲಿ ಎಂಜಿನ್ನಿನ ಕೀಲಿ ಸಿಕ್ಕಿಸಿ, ಮೇವಿನ ಚೀಲ ತರಲು ಮತ್ತೆ ಕಟ್ಟೆಯ ಶೆಡ್ಡಿಗೆ ಹೋದ. ಐವತ್ತಾರು ವರ್ಷದ ಓಸ್ಲಾ ಕಟ್ಟೆಯ ಅಂಚಿಗೆ ನಡೆದು, ಅಂಚೆಯ ಕೋಟಿನ ಸಮೇತ ದೋಣಿಗೆ ದುಮುಕಿದಳು. ಮಂಡಿ ತರಚಿತು. ಒಳಗೆ ಹೋಗಿ ಕೀಲಿಯನ್ನು ಕಿತ್ತು, ಹೊರಗೆ ಬಂದು, ಕೈ ಬೀಸಿದಷ್ಟು ದೂರ ಕಡಲಿಗೆ ಎಸೆದಳು.

ಕೆಲಸಗಾರ ಬಾಯಿ ತೆರೆದು ನಿಂತ. ಕಿರ್ಸ್ಟನ್ ಓಡಿಬಂದು ಅವಳ ಕೋಟಿನ ಕಾಲರು ಹಿಡಿದಳು. “ನಿಂಗೆ ತಲೆ ಕೆಟ್ಟಿದೆಯಾ? ನನ್ನ ಕೆಲಸ ಕಳೆದೆ. ಅಪ್ಪ ಹೇಳಿದ್ದು ಸರಿ, ನಿನ್ನ ಹಟಕ್ಕೆ ಊರನ್ನೇ ಮುಳುಗಿಸ್ತೀಯ.”

“ಬೇರೆ ಕೀಲಿ ಎಲ್ಲಿದೆ?”

“ಕಡಲಾಚೆಯ ಆಫೀಸಿನಲ್ಲಿ.”

“ಒಳ್ಳೇದಾಯ್ತು,” ಎಂದಳು ಓಸ್ಲಾ.

ಫ್ರೇಜರ್ ಶೆಡ್ಡಿನಿಂದ ಬಂದು, ನಡೆದದ್ದು ಕೇಳಿ ಬೆಂಕಿಯಾದ. “ಪೊಲೀಸರಿಗೆ ಹೇಳ್ತೀನಿ, ನೋಡ್ಕೊಳ್ಳಿ.”

“ಹೇಳು. ಇವತ್ತು ಪೊಲೀಸರು ಬರೋಕೂ ದೋಣಿ ಇಲ್ಲ. ಅಲ್ಲೀತನಕ ಸುಮ್ನೆ ನಿಂತು ಏನ್ಮಾಡ್ತೀಯ? ಗಾಡಿ ಹತ್ತು. ತೋರಿಸ್ತೀನಿ.”

ಅಂಚೆ ಗಾಡಿಯಲ್ಲಿ ಜನರನ್ನು ಹತ್ತಿಸಬಾರದೆಂಬುದು ನಿಯಮ. ಮೂವತ್ತಾರು ವರ್ಷದಲ್ಲಿ ಅವಳು ಅದನ್ನು ಮುರಿದಿರಲಿಲ್ಲ, ಮಳೆಯಲ್ಲಿ ನೆನೆಯುವ ಪಾದ್ರಿಯನ್ನೂ ಹತ್ತಿಸಿಕೊಂಡಿರಲಿಲ್ಲ. ಅಂದು ಮೂವರೂ ಚೀಲಗಳ ನಡುವೆ ತೂರಿಕೊಂಡರು. ಬೈಯುತ್ತಲೇ ಕೂತರು. ಗಾಡಿ ಲ್ಯಾಂಬಹೋಗದ ಏರು ಹತ್ತುವಾಗ ಗಾಳಿಗೆ ಪಕ್ಕಕ್ಕೆ ಜರುಗಿತು. ತುದಿಯಲ್ಲಿ ಇಳಿದರೆ ನಿಲ್ಲಲಾಗದೆ ಎಲ್ಲರೂ ಕುರಿದೊಡ್ಡಿಯ ಗೋಡೆ ಹಿಡಿದುಕೊಂಡರು.

ಕೆಳಗೆ ಕೊಲ್ಲಿಯ ಬಾಯಲ್ಲಿ ನೀರು ಇನ್ನೂ ಒಳಗೆ ನುಗ್ಗುತ್ತಿತ್ತು, ಬರೀ ದೊಡ್ಡ ಅಲೆಗಳು. ಫ್ರೇಜರ್ ಗಡಿಯಾರ ನೋಡಿ, “ಇಷ್ಟೇನಾ?” ಎಂದ. ಓಸ್ಲಾ ಕೊಲ್ಲಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಅವಳಿಗೂ ಅನುಮಾನ ಬಂತು. ಕತೆಯಲ್ಲಿ ಕೇಳಿದ್ದಳೇ ಹೊರತು ಅವಳೂ ಅದನ್ನು ಕಂಡದ್ದು ಒಂದೇ ಸಲ, ಅದೂ ಎಳೆಯವಳಿದ್ದಾಗ.

ಹತ್ತೂಕಾಲಿಗೆ ಉಬ್ಬರ ತಿರುಗಿತು. ಒಳಗಿನ ನೀರು ಹೊರಗೆ ಹರಿಯತೊಡಗಿದ್ದೇ ತಡ, ಕೊಲ್ಲಿಯ ನಡುವೆ ಅಲೆಗಳು ಮುಂದೆ ಹೋಗದೆ ಇದ್ದಲ್ಲೇ ಎತ್ತರವಾದವು. ಒಂದರ ಬೆನ್ನಿಗೆ ಒಂದು ಏರಿ, ನೆತ್ತಿ ಬಿಳಿಯಾಗಿ, ನಿಂತ ಜಾಗದಲ್ಲೇ ಕುಸಿದವು. ಮೊದಲ ಪಂಜರದ ಸುತ್ತಿನ ಕಂಬಿ ಮಡಚಿಕೊಂಡಿತು. ಎರಡನೆಯದು ಅದರ ಮೇಲೆ ಏರಿತು. ಹಗ್ಗ ಕಡಿದ ಸದ್ದು ಗಾಳಿಯ ಮೇಲೂ ಕೇಳಿಸಿತು. ಅರ್ಧ ಗಂಟೆಯಲ್ಲಿ ಮೇವಿನ ತೆಪ್ಪ ಮಗ್ಗುಲಾಗಿ, ತಳ ಕಾಣಿಸಿ, ಬಂಡೆಗೆ ಬಡಿಯಿತು.

ಫ್ರೇಜರ್ ತೆಪ್ಪದ ಕಡೆ ಬೆರಳು ಮಾಡಿದ. “ನಾವು ಅದರ ಮೇಲೇ ಇರ್ತಿದ್ವಿ,” ಎಂದ. ಅದನ್ನೇ ಎರಡು ಸಲ ಹೇಳಿದ.

ಕಿರ್ಸ್ಟನ್ ತೋಳಿನಿಂದ ಮುಖ ಒರೆಸಿಕೊಂಡಳು. “ನೀನು ಹೇಳಿದ್ದು ಸುಳ್ಳಾಗಿರಬೇಕಿತ್ತು, ಅತ್ತೆ.”

“ನಂಗೂ ಅದೇ ಬೇಕಿತ್ತು,” ಎಂದಳು ಓಸ್ಲಾ. ಗೆದ್ದೆನೆಂಬ ಸಮಾಧಾನ ಅವಳಿಗೆ ಚೂರೂ ಆಗಲಿಲ್ಲ. ಅಳತೆಯ ದಾರ ಹಿಡಿದು ನಗುತ್ತ ನಿಂತಿದ್ದ ಆ ಹನ್ನೊಂದು ವರ್ಷದ ಹುಡುಗಿ ಎದುರಿಗೆ ಸಿಕ್ಕಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು.

ಎರಡು ವಾರ ಸತ್ತ ಮೀನು ದಡಕ್ಕೆ ಬಂದು ಬಿತ್ತು. ನಾತಕ್ಕೆ ಕಿಟಕಿ ತೆರೆಯಲಾಗಲಿಲ್ಲ. ಕಂಪನಿ ಮುರಿದ ಕಂಬಿಗಳನ್ನು ಎತ್ತಿಕೊಂಡು ಹೋಯಿತು, ಏಳು ಕೆಲಸವೂ ಹೋಯಿತು. ಅಂಗಡಿಯಲ್ಲಿ ಕೆಲವರು ಓಸ್ಲಾಳ ಕೈ ಕುಲುಕಿದರು. ಕೆಲವರು ಅವಳ ಬಾಯಿಯೇ ತಗುಲಿತು, ಹಾಳು ನಾಲಿಗೆ ಎಂದರು. ಕೈ ಕುಲುಕಿದವರ ಮೇಲೆ ಅವಳಿಗೆ ಹೆಚ್ಚು ಸಿಟ್ಟು. “ಮಾರ್ಚಿನಲ್ಲಿ ಈ ಕೈ ಎಲ್ಲಿ ಎದ್ದಿತ್ತು?” ಎಂದು ಕೇಳಿ ಕೈ ಬಿಡಿಸಿಕೊಂಡಳು. ದೋಣಿಯ ಕೀಲಿಯ ವಿಷಯವಾಗಿ ಪೊಲೀಸರ ಎಚ್ಚರಿಕೆಯ ಕಾಗದವೂ, ಗಾಡಿಯಲ್ಲಿ ಜನ ಹತ್ತಿಸಿದ್ದಕ್ಕೆ ಮೇಲಿನವರ ಕಾಗದವೂ ಒಂದೇ ದಿನ ಅವಳ ಚೀಲದಲ್ಲೇ ಬಂದವು. ಸರದಿ ತಪ್ಪಿಸದೆ ಎಲ್ಲರ ಕಾಗದ ಹಂಚಿ, ಕೊನೆಗೆ ತನ್ನ ಮನೆಯ ಬಾಗಿಲ ಸಂದಿಯಲ್ಲಿ ಆ ಎರಡನ್ನೂ ಹಾಕಿ, ಒಳಗೆ ಹೋಗಿ ಎತ್ತಿಕೊಂಡು ಓದಿದಳು.

ಫೆಬ್ರವರಿಯಲ್ಲಿ ಒಂದು ದಿನ ಕಟ್ಟೆಗೆ ಬಂದಾಗ ರಾಸ್ಮಿ ಬೋರ್ಡಿನ ಮುಂದೆ ಮಂಡಿಯೂರಿ ಕೂತಿದ್ದ. ಲೋಗ್ನವೋ ಎಂಬುದನ್ನು ಚಾಕುವಿನಿಂದ ಕೆರೆದು, ಕಪ್ಪು ಬಣ್ಣದಲ್ಲಿ ಬ್ರಿಮ್ಮವೋ ಎಂದು ಬರೆಯುತ್ತಿದ್ದ. ಅಕ್ಷರ ಸೊಟ್ಟಗಿದ್ದವು.

“ಅಪ್ಪನ ತಪ್ಪು. ನಾನಾದ್ರೂ ತಿದ್ದಬೇಕಲ್ಲ,” ಎಂದ, ತಲೆಯೆತ್ತದೆ.

“ನನ್ನ ತಪ್ಪು,” ಎಂದಳು ಓಸ್ಲಾ. “ಕುಂಚ ಹೀಗೆ ಹಿಡಿದ್ರೆ ಬಣ್ಣ ಇಳಿಯುತ್ತೆ. ಕೊಡು ಇಲ್ಲಿ.” ಅವನು ಕೊಟ್ಟ. ಹನ್ನೊಂದು ತಿಂಗಳ ಮೇಲೆ ಅಕ್ಕ ತಮ್ಮ ಆಡಿದ ಮೊದಲ ಮಾತು ಅದು.

ಗಿಬ್ಬಿ ಬಂದದ್ದು ಏಪ್ರಿಲ್‌ನಲ್ಲಿ. ಉಪ್ಪಿನಲ್ಲಿ ನೆನೆಸಿ ಒಲೆಯ ಹೊಗೆಯ ಮೇಲೆ ಒಣಗಿಸಿದ ಕುರಿತೊಡೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತ.

“ನಿನ್ನ ಹತ್ರ ಒಂದು ಮಾತು ಆಡ್ಬೇಕಿತ್ತು, ಓಸ್ಲಾ.”

“ಹೇಳಿ, ಕೇಳ್ತೀನಿ.”

ಅವನ ಮುಖ ಇಳಿಯಿತು. “ನಂಗೆ ಗೊತ್ತಿತ್ತು. ನಮ್ಮಜ್ಜ ಆ ಹೆಸರು ಹೇಳಿದಾಗೆಲ್ಲ ಟೋಪಿ ತೆಗೀತಿದ್ದ. ಮಗನ ಕೆಲಸ ನೋಡ್ಕೊಂಡೆ. ನನ್ನ ಬಾಯಿಗೆ ಹುಳ ಬೀಳ.”

“ಕಿರ್ಸ್ಟನ್ ಆ ತೆಪ್ಪದ ಮೇಲಿದ್ದಿದ್ರೆ?”

ಗಿಬ್ಬಿ ಮಾಂಸದ ಗಂಟು ಚಾಚಿದ. ಓಸ್ಲಾ ಅದನ್ನು ತೆಗೆದುಕೊಂಡಳು. ಮಾಂಸ ಏನು ತಪ್ಪು ಮಾಡಿತ್ತು? ಆದರೆ ಒಳಗೆ ಕರೆಯಲಿಲ್ಲ, ಕೂರು ಎನ್ನಲಿಲ್ಲ. “ಕ್ಷಮಿಸೋದು ನಂಗೆ ಬರಲ್ಲ, ಇಸ್‌ಬಿಸ್ಟರ್ ಅವರೇ. ಅಭ್ಯಾಸ ಇಲ್ಲ,” ಎಂದು ಬಾಗಿಲು ಹಾಕಿದಳು. ಅವನು ಬಹಳ ಹೊತ್ತು ಅಂಗಳದಲ್ಲೇ ನಿಂತಿದ್ದ. ಅವಳು ಪರದೆಯ ಹಿಂದಿನಿಂದ ನೋಡಿದಳು, ಬಾಗಿಲು ತೆರೆಯಲಿಲ್ಲ. ಮೂರು ವರ್ಷದ ನಂತರ ಅವನು ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಜನ ಸಾಲದೆ, ಹಿಂದಿನ ಮೂಲೆಯನ್ನು ಅವಳೇ ಹೊತ್ತಳು. ಆಗಲೂ ಹಲ್ಲು ಕಚ್ಚಿಕೊಂಡೇ ಇದ್ದಳು.

ಕಿರ್ಸ್ಟನ್ ಊರು ಬಿಡಲಿಲ್ಲ. ಹಳೆಯ ದೋಣಿಯೊಂದನ್ನು ಕೊಂಡು ಏಡಿ ಹಿಡಿಯುವ ಬುಟ್ಟಿಗಳನ್ನಿಟ್ಟಳು. ಒಂದು ವರ್ಷ ಅತ್ತೆಯೊಡನೆ ಹೆಚ್ಚು ಮಾತಿಲ್ಲದೆ ಇದ್ದವಳು, ಅದಾದ ಮೇ ತಿಂಗಳ ಒಂದು ಭಾನುವಾರ ಬಂದು, “ಬುಟ್ಟಿ ಎಲ್ಲಿಡಬೇಕು, ಎಲ್ಲಿಡಬಾರದು ಅಂತ ತೋರಿಸು ಬಾ,” ಎಂದು ಕರೆದಳು. ಓಸ್ಲಾ ಎರಡು ಸ್ವೆಟರು ಹಾಕಿಕೊಂಡು ದೋಣಿಯ ಹಿಂಬದಿಯಲ್ಲಿ ಕೂತಳು. ದೋಣಿ ತೀರ ಹಿಡಿದು ಬಡಗಣಕ್ಕೆ ಹೋಯಿತು. ಎಡಕ್ಕೆ ಕರಿ ಬಂಡೆಯೊಂದು ನೀರಿನಿಂದ ತಲೆಯೆತ್ತಿತ್ತು.

“ಇದು ಸ್ವಾರ್ತಾಬಾ ತಾನೆ?” ಎಂದಳು ಕಿರ್ಸ್ಟನ್.

“ಗೊತ್ತಿಲ್ಲ.”

“ಮತ್ತೆ ಏನಂತ ಕರೀಲಿ?”

“ಗೊತ್ತಿಲ್ಲ ಅಂದ್ನಲ್ಲ. ಯಾರಿಗೂ ಗೊತ್ತಿಲ್ಲ ಇನ್ಮೇಲೆ. ದೂರ ಹಿಡಿ ದೋಣೀನ, ಕಣ್ಣು ಕಾಣಿಸಲ್ವಾ ನಿಂಗೆ?”

ಕಿರ್ಸ್ಟನ್ ಚುಕ್ಕಾಣಿ ತಿರುಗಿಸಿದಳು. ಓಸ್ಲಾ ಮುಂದಿನ ತಿರುವಿಗೆ ಬರುವ ತನಕವೂ ಬೈಯುತ್ತಲೇ ಇದ್ದಳು. ದೋಣಿಯನ್ನು ಬೈದಳು, ಹಗ್ಗವನ್ನು ಬೈದಳು, ಬುಟ್ಟಿಗೆ ಹಾಕಿದ ಗಂಟನ್ನು ಬಿಚ್ಚಿ ಮತ್ತೆ ಹಾಕಿಸಿದಳು.